ಅನುಮೋದನೆಯ ಹೊಣೆ: ದರಪತ್ರವೂ ಶ್ರಾವಕನ ವ್ರತವೂ

ವ್ಯಾಪಾರವು ಶ್ರಾವಕನಿಗೆ ನಿಷಿದ್ಧವಾದ ವೃತ್ತಿಯಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಆದಿತೀರ್ಥಂಕರನಾದ ವೃಷಭದೇವನೇ ಪ್ರಜೆಗಳಿಗೆ ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣವು ನಿರೂಪಿಸುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಯೋಗ್ಯತೆಗಳನ್ನು ಎಣಿಸುವಾಗ ನ್ಯಾಯದಿಂದ ಧನವನ್ನು ಗಳಿಸುವುದನ್ನೇ ಮೊದಲಿಗೆ ಇರಿಸಿದ್ದಾರೆ, ಮಿಕ್ಕ ಗುಣಗಳೆಲ್ಲ ಅದರ ಅನಂತರ ಬರುತ್ತವೆ. ಧನವೇ ಇರಬಾರದೆಂದು ಅವರು ಹೇಳಲಿಲ್ಲ. ಅದು ಬಂದ ದಾರಿಯಾವುದೆಂದು ಕೇಳಿದರು. ಆ ಪ್ರಶ್ನೆಯನ್ನು ಇಂದಿನ ವರ್ತಕನಿಗೆ ಕೇಳಿದರೆ ಉತ್ತರವು ಅನೇಕ ವೇಳೆ ಒಂದು ಸಣ್ಣ ಕಾಗದದ ಬಳಿಗೆ ಕರೆದೊಯ್ಯುತ್ತದೆ. ಆ ಕಾಗದವೇ ದರಪತ್ರ. ಪೇಟೆಯ ಮಾತಿನಲ್ಲಿ ಹೇಳುವುದಾದರೆ ಕೊಟೇಶನ್. ಮಸಿ ಮತ್ತು ವಾಣಿಜ್ಯಗಳೆಂಬ ಎರಡು ಕರ್ಮಗಳು ಒಂದನ್ನೊಂದು ಸಂಧಿಸುವ ಸ್ಥಳವದು. ಸರಕು ಇನ್ನೂ ಗೋದಾಮಿನಿಂದ ಹೊರಟಿರುವುದಿಲ್ಲ, ಹಣವು ಇನ್ನೂ ಕೈ ಬದಲಿಸಿರುವುದಿಲ್ಲ. ಒಬ್ಬನ ಮಾತು ಮಾತ್ರ ಇನ್ನೊಬ್ಬನನ್ನು ತಲುಪಿರುತ್ತದೆ. ಆದುದರಿಂದ ವರ್ತಕನ ಸತ್ಯಾಣುವ್ರತವು ಮೊದಲು ಪರೀಕ್ಷೆಗೆ ಒಳಗಾಗುವುದು ತಕ್ಕಡಿಯಲ್ಲಿ ಅಲ್ಲ, ಈ ಕಾಗದದಲ್ಲಿ.

ಹಿಂದೆ ಈ ಪತ್ರವನ್ನು ಅಂಗಡಿಯ ಯಜಮಾನನೋ ಅವನ ಗುಮಾಸ್ತನೋ ಹೆಸರಚ್ಚಿನ ಕಾಗದದ ಮೇಲೆ ಕೈಯಾರೆ ಬರೆದು, ಕೆಳಗೆ ಸಹಿ ಹಾಕಿ, ರಬ್ಬರ್ ಮುದ್ರೆ ಒತ್ತಿ ಕೊಡುತ್ತಿದ್ದರು. ಈಗ ಅದು ಗಣಕಯಂತ್ರದ ತಂತ್ರಾಂಶದಲ್ಲಿ ಸಿದ್ಧವಾಗುತ್ತದೆ. ೧೯೮೬ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿಯಿಂದ ಹಿಡಿದು, ಚೆನ್ನೈಯ ಜೋಹೋ, ೧೯೯೯ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್‌ವರೆಗೆ ಇಂಥ ತಂತ್ರಾಂಶಗಳು ಅನೇಕ. ಹೆಸರು ಬೇರೆಯಾದರೂ ಕ್ರಮವು ಹೆಚ್ಚುಕಡಿಮೆ ಒಂದೇ. ಸರಕುಗಳ ಮೂಲದರಗಳನ್ನು ಒಂದು ದರಪುಸ್ತಕದಲ್ಲಿ ಮೊದಲೇ ತುಂಬಿಸಿಡುತ್ತಾರೆ. ಮಾರಾಟದ ನೌಕರನು ಗ್ರಾಹಕನ ಹೆಸರನ್ನು ಆರಿಸಿ, ಸರಕನ್ನೂ ಪ್ರಮಾಣವನ್ನೂ ನಮೂದಿಸಿದರೆ ದರವು ತಾನಾಗಿಯೇ ಬಂದು ಕೂಡುತ್ತದೆ. ರಿಯಾಯಿತಿಯ ಶೇಕಡಾಂಶ, ತೆರಿಗೆ, ಸಾಗಣೆ, ಪತ್ರವು ಊರ್ಜಿತವಾಗಿರುವ ಕೊನೆಯ ದಿನಾಂಕ, ಷರತ್ತುಗಳು ಇವೆಲ್ಲ ಸೇರಿ ಕ್ರಮಸಂಖ್ಯೆಯೊಡನೆ ಒಂದು ಪತ್ರವಾಗುತ್ತದೆ. ನೌಕರನಿಗೆ ಕೊಟ್ಟಿರುವ ಮಿತಿಯನ್ನು ಮೀರಿ ರಿಯಾಯಿತಿ ಹಾಕಿದರೆ ಪತ್ರವು ಅಲ್ಲಿಯೇ ನಿಂತು, ಮೇಲಧಿಕಾರಿಯ ಪರದೆಯ ಮೇಲೆ ‘ಅನುಮೋದನೆ’ಗಾಗಿ ಕಾಯುತ್ತದೆ. ಅವನು ಒಪ್ಪಿದ ಮೇಲೆ ಗ್ರಾಹಕನಿಗೆ ಹೋಗುತ್ತದೆ. ಗ್ರಾಹಕನು ಒಪ್ಪಿದರೆ ಅದೇ ಪತ್ರವು ಮತ್ತೆ ಬರೆಯುವ ಶ್ರಮವಿಲ್ಲದೆ ಆದೇಶವಾಗಿ, ಮುಂದೆ ಬಿಲ್ಲಾಗಿ ಮಾರ್ಪಡುತ್ತದೆ. ಒಪ್ಪದಿದ್ದರೆ ತಿದ್ದುಪಡಿಯಾಗಿ ಎರಡನೆಯ, ಮೂರನೆಯ ಆವೃತ್ತಿಗಳು ಹುಟ್ಟುತ್ತವೆ.

ಈ ಏರ್ಪಾಡನ್ನು ದೂಷಿಸುವುದು ನ್ಯಾಯವಲ್ಲ. ಕೂಡುವ ಕಳೆಯುವ ತಪ್ಪುಗಳು ತಗ್ಗಿವೆ. ಗ್ರಾಹಕನಿಗೆ ಸ್ಪಷ್ಟವಾದ ಬರಹ ದೊರೆಯುತ್ತದೆ. ನಿನ್ನೆ ಹೇಳಿದ ದರವನ್ನು ಇಂದು ‘ಹೇಳಿಯೇ ಇಲ್ಲ’ ಎನ್ನಲು ಅವಕಾಶ ಕಡಮೆ. ಬಾಯಿಮಾತಿನ ಕಾಲದ ಅನೇಕ ಕುಟಿಲತೆಗಳಿಗೆ ಇದು ತಡೆಯನ್ನೇ ಒಡ್ಡಿದೆ ಎಂದರೆ ಅತಿಶಯೋಕ್ತಿಯಾಗಲಾರದು. ವಿಚಾರಣೀಯವಾದ ವಿಷಯವು ಬೇರೆಯೇ ಇದೆ.

ಕೈಬರಹದ ಕಾಲದಲ್ಲಿ ಮಾತನ್ನಾಡಿದವನು ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಸಹಿ ಹಾಕಿದವನೇ ಆಡಿದವನು. ಈಗ ಆ ಒಂದು ಮಾತು ನಾಲ್ಕಾರು ಕೈಗಳಲ್ಲಿ ಹಂಚಿಹೋಗಿದೆ. ದರಪುಸ್ತಕವನ್ನು ತುಂಬಿಸಿದವನೊಬ್ಬ, ನಿಯಮಗಳನ್ನು ಅಳವಡಿಸಿದವನೊಬ್ಬ, ಸರಕುಗಳನ್ನು ಆರಿಸಿದವನೊಬ್ಬ, ಅನುಮೋದಿಸಿದವನೊಬ್ಬ. ಪತ್ರವನ್ನು ಅಚ್ಚುಮಾಡಿ ಕಳುಹಿಸಿದ್ದು ಯಂತ್ರ. ಆ ಪತ್ರದಲ್ಲಿ ಸುಳ್ಳೊಂದು ಇದ್ದರೆ ನೌಕರನು ‘ದರವು ತಾನಾಗಿ ಬಂತು’ ಎನ್ನುತ್ತಾನೆ. ಅಧಿಕಾರಿಯು ‘ನನ್ನ ಮುಂದೆ ಬಂದುದಕ್ಕೆ ಒಪ್ಪಿಗೆ ಕೊಟ್ಟೆ’ ಎನ್ನುತ್ತಾನೆ. ಯಜಮಾನನಿಗೆ ಆ ಪತ್ರದ ಇರವೇ ತಿಳಿದಿರುವುದಿಲ್ಲ. ಸುಳ್ಳು ಹೊರಟದ್ದಂತೂ ನಿಜ. ಆದರೆ ಸುಳ್ಳು ಹೇಳಿದವರು ಯಾರೂ ಇಲ್ಲ! ಈ ವಿಚಿತ್ರ ಸ್ಥಿತಿಯನ್ನು ಲೌಕಿಕ ನ್ಯಾಯವು ಹೇಗಾದರೂ ಬಗೆಹರಿಸಿಕೊಳ್ಳಲಿ, ಜೈನ ಕರ್ಮಸಿದ್ಧಾಂತಕ್ಕೆ ಇದು ಹೊಸ ಸಮಸ್ಯೆಯೇನೂ ಅಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವವನ್ನು ಆಶ್ರಯಿಸಿದ ಆಸ್ರವದ ಭೇದಗಳನ್ನು ಎಣಿಸಲಾಗಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ವಚನ, ಕಾಯ ಎಂಬ ಯೋಗಗಳು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳಿಗೆ ಈ ಎಣಿಕೆಯನ್ನೇ ಕಾರಣವಾಗಿ ಹೇಳುವ ರೂಢಿಯುಂಟು. ಮಣಿಗಳನ್ನು ಎಣಿಸುವವರೆಲ್ಲರೂ ಈ ಗುಣಾಕಾರವನ್ನು ನೆನೆಯುತ್ತಾರೆಂದಲ್ಲ. ಆದರೆ ದರಪತ್ರದ ತಂತ್ರಾಂಶವನ್ನು ಮುಂದಿಟ್ಟುಕೊಂಡು ಈ ಸೂತ್ರವನ್ನು ಓದಿದವನಿಗೆ ಅಚ್ಚರಿಯಾಗದಿರದು. ಮಾಡಬೇಕೆಂಬ ಸಂಕಲ್ಪವು ಸಂರಂಭ. ಅದಕ್ಕೆ ಬೇಕಾದ ಸಾಮಗ್ರಿಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಪತ್ರದ ಕರಡು, ಅದಕ್ಕೆ ಸಾಲುಗಳನ್ನು ಜೋಡಿಸುವುದು, ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತುವುದು ಇವು ಅದೇ ಮೂರು ಮೆಟ್ಟಿಲುಗಳು. ತಾನೇ ಮಾಡುವುದು ಕೃತ. ಇತರರಿಂದ ಮಾಡಿಸುವುದು ಕಾರಿತ. ಮಾಡಿದವನನ್ನು ಒಪ್ಪುವುದು ಅನುಮತ ಅಥವಾ ಅನುಮೋದನೆ. ಕಚೇರಿಯ ಕನ್ನಡದಲ್ಲಿ ದಿನಕ್ಕೆ ನೂರು ಬಾರಿ ಬಳಕೆಯಾಗುವ ಆ ‘ಅನುಮೋದನೆ’ ಎಂಬ ಪದವೂ, ಶ್ರಾವಕನು ಸಾಮಾಯಿಕದಲ್ಲಿ ಕುಳಿತು ತನ್ನ ದೋಷಗಳನ್ನು ನೆನೆಯುವಾಗ ಉಚ್ಚರಿಸುವ ಪದವೂ ಒಂದೇ. ಒಂದೆಡೆ ಅದಕ್ಕೆ ತೂಕವಿದೆ, ಇನ್ನೊಂದೆಡೆ ಅದು ಪರದೆಯ ಮೇಲಿನ ಹಸುರು ಬಣ್ಣದ ಗುಂಡಿಯಾಗಿದೆ.

ಯಂತ್ರದ ಪಾಲು ಎಷ್ಟು? ಅದಕ್ಕೆ ಪಾಲಿಲ್ಲ. ಅದು ಅಜೀವ, ಅದಕ್ಕೆ ಉಪಯೋಗವಿಲ್ಲ, ಕಷಾಯವಿಲ್ಲ, ಬಂಧವೂ ಇಲ್ಲ. ಕತ್ತಿಯು ನರಕಕ್ಕೆ ಹೋಗುವುದಿಲ್ಲ, ಹಿಡಿದವನು ಹೋಗುತ್ತಾನೆ. ಹೊಣೆಯು ಯಂತ್ರದಲ್ಲಿ ಕರಗಿಹೋಗುವುದಿಲ್ಲವಾದ್ದರಿಂದ ಅದು ಜೀವಗಳ ಕಡೆಗೇ ಹಿಂದಿರುಗಬೇಕು. ಮತ್ತು ಹಾಗೆ ಹಿಂದಿರುಗುವಾಗ ನಾಲ್ವರಲ್ಲಿ ಕಾಲುಕಾಲು ಭಾಗವಾಗಿ ಹಂಚಿಕೆಯಾಗುವುದೂ ಇಲ್ಲ. ಸಾಲದ ಹೊಣೆಯನ್ನು ಪಾಲುದಾರರು ಹಂಚಿಕೊಳ್ಳಬಹುದು. ಕರ್ಮದ ಲೆಕ್ಕದಲ್ಲಿ ಪಾಲುದಾರಿಕೆಯೆಂಬುದಿಲ್ಲ. ಮಾಡಿದವನಿಗೆ ಅವನ ಭಾವಕ್ಕೆ ತಕ್ಕಷ್ಟು, ಮಾಡಿಸಿದವನಿಗೆ ಅವನ ಭಾವಕ್ಕೆ ತಕ್ಕಷ್ಟು, ಒಪ್ಪಿದವನಿಗೆ ಅವನ ಭಾವಕ್ಕೆ ತಕ್ಕಷ್ಟು. ಅದೇ ಅಧ್ಯಾಯದಲ್ಲಿ ಆಸ್ರವದ ತಾರತಮ್ಯವನ್ನು ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವ ಮುಂತಾದವುಗಳಿಂದ ನಿರ್ಣಯಿಸಲಾಗಿದೆ. ಆದುದರಿಂದ ತಿಳಿಯದೆ ತಪ್ಪು ದರವನ್ನು ಕಳುಹಿಸಿದ ಹುಡುಗನನ್ನೂ, ತಿಳಿದೇ ಆ ದರವನ್ನು ಪುಸ್ತಕದಲ್ಲಿ ತುಂಬಿಸಿಟ್ಟ ಯಜಮಾನನನ್ನೂ ಒಂದೇ ಅಳತೆಯಲ್ಲಿ ಅಳೆಯುವ ಭಯವಿಲ್ಲ.

ಆದರೆ ಅಜ್ಞಾತವೆಂಬುದು ಸುಲಭವಾದ ಆಶ್ರಯವೂ ಅಲ್ಲ. ನಲವತ್ತು ಪತ್ರಗಳು ಕಾಯುತ್ತಿರುವಾಗ ಎಲ್ಲವನ್ನೂ ಒಮ್ಮೆಗೇ ಗುರುತುಮಾಡಿ ಅನುಮೋದಿಸುವ ಅನುಕೂಲವು ಅನೇಕ ತಂತ್ರಾಂಶಗಳಲ್ಲಿ ಉಂಟು. ಓದಬಹುದಾಗಿದ್ದುದನ್ನು ಓದದೆ ಒಪ್ಪಿದವನ ಅಜ್ಞಾನವು ಅಜ್ಞಾನವಲ್ಲ, ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗಲೇ ಉಮಾಸ್ವಾಮಿಗಳು ಪ್ರಮತ್ತಯೋಗವನ್ನು ಮುಂದಿಟ್ಟರು. ನೋಡಿ ನಡೆಯುವವನ ಕಾಲಿನಡಿಗೆ ಆಕಸ್ಮಿಕವಾಗಿ ಸಿಕ್ಕ ಕೀಟಕ್ಕೂ, ಕಣ್ಣುಮುಚ್ಚಿ ನಡೆಯುವವನ ಕಾಲಿನಡಿಗೆ ಸಿಕ್ಕ ಕೀಟಕ್ಕೂ ಇರುವ ಅಂತರವು ದರಪತ್ರಕ್ಕೂ ಅನ್ವಯಿಸುತ್ತದೆ.

ಇನ್ನು ಉದಾಹರಣೆಗಳಿಗೆ ಬರಬಹುದು. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಕೊಳವೆಬಾವಿಯ ಪಂಪುಗಳನ್ನು ಮಾರುವ ಅಂಗಡಿಯನ್ನು ಊಹಿಸಿಕೊಳ್ಳಲಿ. ರೈತನೊಬ್ಬನು ಪಂಪು, ಪೈಪು, ಕೇಬಲ್ಲುಗಳಿಗೆಂದು ಬ್ಯಾಂಕಿನಿಂದ ಸಾಲ ಪಡೆಯಬೇಕಾಗಿದೆ. ಬ್ಯಾಂಕು ವ್ಯಾಪಾರಿಯ ದರಪತ್ರವನ್ನು ಕೇಳುತ್ತದೆ. ಸರಕಿನ ನಿಜವಾದ ಬೆಲೆ ೮೦,೦೦೦ ರೂಪಾಯಿ; ಬ್ಯಾಂಕು ಐದರಲ್ಲಿ ನಾಲ್ಕು ಪಾಲನ್ನು ಸಾಲವಾಗಿ ಕೊಡುವುದೆಂದು ಇಟ್ಟುಕೊಂಡರೆ ೬೪,೦೦೦ ಸಾಲ, ೧೬,೦೦೦ ರೈತನ ಕೈಯಿಂದ. ರೈತನ ಬಳಿ ಆ ಹಣವಿಲ್ಲ. ‘ಒಂದು ಲಕ್ಷಕ್ಕೆ ಕೊಟೇಶನ್ ಬರೆದುಕೊಡ್ರಿ ಸಾವ್ಕಾರ್ರ, ೮೦,೦೦೦ ಸಾಲ ಸಿಕ್ಕರ ನಿಮ್ಮ ರೊಕ್ಕ ಪೂರಾ ಮುಟ್ಟತೈತಿ, ನಂದೂ ಕೆಲಸ ಆಕ್ಕೈತಿ’ ಎಂದು ಅವನು ಕೈಮುಗಿದು ಕೇಳುತ್ತಾನೆ. ತಂತ್ರಾಂಶದಲ್ಲಿ ಒಂದು ಅಂಕಿಯನ್ನು ಬದಲಿಸಿದರೆ ಸಾಕು. ಮಾರಾಟದ ಹುಡುಗನು ಬದಲಿಸುತ್ತಾನೆ, ಯಜಮಾನನು ಅನುಮೋದಿಸುತ್ತಾನೆ. ಇದರಲ್ಲಿ ಲೋಭವೆಲ್ಲಿದೆ, ಇದು ದಯೆಯಲ್ಲವೇ ಎಂಬ ಪ್ರಶ್ನೆಯು ಏಳುತ್ತದೆ. ಇದು ಹಗುರವಾದ ಪ್ರಶ್ನೆಯಲ್ಲ. ಏಕೆಂದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸತ್ಯಾಣುವ್ರತದ ಲಕ್ಷಣವನ್ನು ಹೇಳುತ್ತ, ಸ್ಥೂಲವಾದ ಸುಳ್ಳನ್ನು ತಾನು ಹೇಳದಿರುವುದು, ಇತರರಿಂದ ಹೇಳಿಸದಿರುವುದು ಎಂಬುದರ ಜೊತೆಗೆ, ವಿಪತ್ತನ್ನು ತರುವ ಸತ್ಯವನ್ನೂ ನುಡಿಯದಿರುವುದನ್ನು ಸೇರಿಸಿದ್ದಾರೆ. ದಯೆಗೆ ಸತ್ಯದೊಳಗೆ ಸ್ಥಾನವಿದೆ ಎಂದಾಯಿತು.

ಹಾಗಿದ್ದರೂ ಆ ಲಕ್ಷಣವು ಈ ವರ್ತಕನ ನೆರವಿಗೆ ಬರಲಾರದು. ಕೇಡನ್ನು ತರುವ ಸತ್ಯವನ್ನು ನುಡಿಯದೆ ಸುಮ್ಮನಿರಲು ಅದು ಹೇಳುತ್ತದೆಯೇ ಹೊರತು, ಲಾಭವನ್ನು ತರುವ ಸುಳ್ಳನ್ನು ಬರೆಯಲು ಹೇಳುವುದಿಲ್ಲ. ಬೇಟೆಗಾರನಿಗೆ ಜಿಂಕೆಯ ದಾರಿಯನ್ನು ತೋರಿಸದಿರುವುದು ಒಂದು. ಬ್ಯಾಂಕಿಗೆ ಇಲ್ಲದ ಬೆಲೆಯನ್ನು ಬರೆದುಕೊಟ್ಟು ತನ್ನ ಸರಕನ್ನು ಮಾರಿಕೊಳ್ಳುವುದು ಇನ್ನೊಂದು. ಇದಲ್ಲದೆ ಆ ದಯೆಯ ಫಲವನ್ನು ಪರಿಶೀಲಿಸಬೇಕು. ರೈತನು ೧೬,೦೦೦ ರೂಪಾಯಿಗಳನ್ನು ಕೈಯಿಂದ ಹಾಕಲಿಲ್ಲ, ನಿಜ. ಆದರೆ ಅಷ್ಟೂ ಹಣವು ಬಡ್ಡಿಯೊಡನೆ ಅವನ ಮೇಲೆಯೇ ಸಾಲವಾಗಿ ಕುಳಿತಿದೆ. ಮಳೆ ಕೈಕೊಟ್ಟು ಕಂತು ತಪ್ಪಿದಾಗ ನೋಟೀಸು ಬರುವುದು ಅವನ ಮನೆಗೇ. ಅಂದು ಅಂಗಡಿಯವನ ಹಣವು ಪೂರ್ಣವಾಗಿ ಸಂದಿರುತ್ತದೆ. ದಯೆಯೇ ಮುಖ್ಯವಾಗಿದ್ದರೆ ವರ್ತಕನ ಮುಂದೆ ಬೇರೊಂದು ದಾರಿಯಿತ್ತು: ನಿಜವಾದ ದರವನ್ನೇ ಬರೆದು, ಆ ೧೬,೦೦೦ ರೂಪಾಯಿಗಳನ್ನು ತಾನೇ ಸುಗ್ಗಿಯವರೆಗೆ ಕಡವಾಗಿ ಬಿಡಬಹುದಾಗಿತ್ತು. ಆ ದಾರಿಯಲ್ಲಿ ನಷ್ಟದ ಭಯವು ವರ್ತಕನದು. ಹಿಡಿದ ದಾರಿಯಲ್ಲಿ ಅದು ಬ್ಯಾಂಕಿನದು ಮತ್ತು ರೈತನದು. ದಯೆಯ ಖರ್ಚನ್ನು ಯಾರು ಕೊಡುತ್ತಾರೆಂಬುದನ್ನು ನೋಡಿದರೆ ಅದು ದಯೆಯೋ ಮಾಯೆಯೋ ಎಂಬುದು ತಿಳಿದುಬರುತ್ತದೆ.

ಇದಕ್ಕಿಂತಲೂ ಪ್ರಚುರವಾದ ಇನ್ನೊಂದು ರೂಢಿಯಿದೆ. ಶಾಲೆ, ಸಂಘಸಂಸ್ಥೆ, ಸರ್ಕಾರಿ ಕಚೇರಿಗಳು ಸಣ್ಣಪುಟ್ಟ ಖರೀದಿಗೆ ಮೂರು ದರಪತ್ರಗಳನ್ನು ತರಿಸಿ ಹೋಲಿಸಬೇಕೆಂಬ ಪದ್ಧತಿಯನ್ನು ಇಟ್ಟುಕೊಂಡಿರುತ್ತವೆ. ಖರೀದಿದಾರನು ಪರಿಚಯದ ಅಂಗಡಿಗೇ ಹೋಗಿ, ‘ನಿಮ್ಮದೊಂದು ಕೊಡಿ, ಜೊತೆಗೆ ಇನ್ನೆರಡನ್ನೂ ನೀವೇ ತಂದುಕೊಡಿ’ ಎನ್ನುತ್ತಾನೆ. ಉಳಿದೆರಡು ಪತ್ರಗಳು ಗೆಳೆಯರ ಅಂಗಡಿಗಳ ಹೆಸರಿನಲ್ಲಿ, ಸ್ವಲ್ಪ ಹೆಚ್ಚಿನ ದರದೊಂದಿಗೆ ಸಿದ್ಧವಾಗುತ್ತವೆ. ಕೈಬರಹದ ಕಾಲದಲ್ಲಿ ಇದಕ್ಕೆ ಎರಡು ಅಂಗಡಿಗಳ ಮೆಟ್ಟಿಲು ಹತ್ತಬೇಕಿತ್ತು, ಇಬ್ಬರ ಮುಖ ನೋಡಬೇಕಿತ್ತು. ಅಷ್ಟರಮಟ್ಟಿಗೆ ನಾಚಿಕೆಗೆ ಅವಕಾಶವಿತ್ತು. ಈಗ ಪತ್ರದ ನಮೂನೆಯನ್ನು ಬದಲಿಸಿದರೆ ಒಂದೇ ಯಂತ್ರದಿಂದ ಮೂರು ಅಂಗಡಿಗಳು ಮಾತನಾಡುತ್ತವೆ. ಹೀಗೆ ಸ್ಪರ್ಧಿಗಳು ಒಳಗೊಳಗೇ ಹೊಂದಿಕೊಂಡು ದರ ಹೇಳುವುದನ್ನು ೨೦೦೨ರ ಸ್ಪರ್ಧಾ ಅಧಿನಿಯಮವು ನಿಷೇಧಿಸಿದೆ. ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದೇ ಕರ್ನಾಟಕದಲ್ಲಿ ೧೯೯೯ರ ಅಧಿನಿಯಮವೊಂದಿದೆ. ಅವು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದನ್ನು, ಹೆಸರಿಸಿತು. ಇಲ್ಲಿ ಮೂರು ಭಾಗಗಳೂ ಕಣ್ಣಿಗೆ ಕಾಣುವಂತಿವೆ. ಬರೆದ ವ್ಯಾಪಾರಿಯು ಕೃತ, ಬರೆಸಿದ ಖರೀದಿದಾರನು ಕಾರಿತ, ತನ್ನ ಅಂಗಡಿಯ ಹೆಸರನ್ನು ಎರವಲು ಕೊಟ್ಟ ಗೆಳೆಯನು ಅನುಮತ. ಆ ಮೂರನೆಯವನು ಒಂದು ರೂಪಾಯಿಯನ್ನೂ ಪಡೆದಿರುವುದಿಲ್ಲ. ‘ನನಗೇನು ಬಂತು?’ ಎಂದು ಅವನು ಕೇಳುವುದು ಸಹಜ. ಹಣವು ಬರಲಿಲ್ಲ, ಬಂಧವು ಬಂತು ಎಂದಷ್ಟೇ ಉತ್ತರ.

ಇಂಥ ಸಂದರ್ಭದಲ್ಲಿ ಸತ್ಯಘೋಷನ ಕಥೆ ನೆನಪಿಗೆ ಬರುತ್ತದೆ. ಸುಳ್ಳಿನ ದೃಷ್ಟಾಂತಕ್ಕೆ ಸಮಂತಭದ್ರರು ಹೆಸರಿಸಿದ್ದು ಅವನನ್ನೇ. ಸಿಂಹಪುರದ ಪುರೋಹಿತನಾದ ಶ್ರೀಭೂತಿಯು ಜನಿವಾರಕ್ಕೆ ಕತ್ತಿಯೊಂದನ್ನು ಕಟ್ಟಿಕೊಂಡು, ತಾನು ಸುಳ್ಳಾಡಿದರೆ ಅದರಿಂದ ನಾಲಗೆಯನ್ನು ಕೊಯ್ದುಕೊಳ್ಳುವೆನೆಂದು ಹೇಳುತ್ತ ಸತ್ಯಘೋಷನೆಂಬ ಬಿರುದನ್ನು ಪಡೆದಿದ್ದ. ವರ್ತಕನೊಬ್ಬನು ನಂಬಿ ಅವನಲ್ಲಿ ರತ್ನಗಳನ್ನು ಒತ್ತೆಯಿಟ್ಟು ಸಮುದ್ರಯಾನಕ್ಕೆ ಹೋದ. ಹಡಗು ಮುಳುಗಿ ಬರಿಗೈಯಲ್ಲಿ ಮರಳಿ ಬಂದು ಕೇಳಿದಾಗ ಪುರೋಹಿತನು ಇಲ್ಲವೆಂದ. ಊರು ನಂಬಿದ್ದು ಬಿರುದನ್ನು, ವರ್ತಕನನ್ನಲ್ಲ. ಅವನನ್ನು ಹುಚ್ಚನೆಂದೇ ಬಗೆಯಿತು. ರಾಣಿ ರಾಮದತ್ತೆಯು ಜೂಜಿನಲ್ಲಿ ಪುರೋಹಿತನ ಗುರುತುಗಳನ್ನು ಗೆದ್ದುಕೊಂಡು, ಅವನ್ನು ತೋರಿಸಿ ಅವನ ಹೆಂಡತಿಯಿಂದ ರತ್ನಗಳನ್ನು ತರಿಸದಿದ್ದರೆ ಸತ್ಯವು ಹೊರಬೀಳುತ್ತಿರಲಿಲ್ಲ. ಆ ಕತ್ತಿಯ ಸ್ಥಾನವನ್ನು ಇಂದು ಅಚ್ಚುಕಟ್ಟಾದ ನಮೂನೆ, ಕ್ರಮಸಂಖ್ಯೆ, ಬಣ್ಣದ ಲಾಂಛನ, ‘ಇದು ಗಣಕಯಂತ್ರದಲ್ಲಿ ಸಿದ್ಧವಾದ ಪತ್ರ, ಸಹಿಯ ಅಗತ್ಯವಿಲ್ಲ’ ಎಂಬ ಒಕ್ಕಣೆಗಳು ತೆಗೆದುಕೊಂಡಿವೆ. ಯಂತ್ರವು ಬರೆದುದಾದ್ದರಿಂದ ನಿಜವಿರಬೇಕೆಂದು ಗ್ರಾಹಕನು ಭಾವಿಸುತ್ತಾನೆ. ಸಹಿಯ ಅಗತ್ಯವಿಲ್ಲವೆಂಬ ಆ ಕೊನೆಯ ಸಾಲಿನಲ್ಲಿ ಇಡೀ ಸಮಸ್ಯೆಯೇ ಅಡಗಿದೆ ಎನ್ನಬಹುದು.

ದರಪತ್ರವು ಪ್ರತಿಜ್ಞೆಯೇ, ಬರಿಯ ಸುದ್ದಿಯೇ ಎಂಬುದೂ ವಿಚಾರಾರ್ಹ. ಕಾನೂನಿನ ನೋಟ ಇಲ್ಲಿ ಬಿಗಿಯಾದುದಲ್ಲ. ಮಡಿಕೇರಿಯ ಬಂಗಲೆಯೊಂದರ ಮಾರಾಟಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ, ಹತ್ತು ಸಾವಿರಕ್ಕಿಂತ ಕಡಮೆಗೆ ಒಪ್ಪುವುದಿಲ್ಲವೆಂದು ಮಾಲೀಕನು ತಿಳಿಸಿದ್ದು ಮಾರಾಟದ ಒಪ್ಪಂದಕ್ಕೆ ಬದ್ಧನಾದಂತಲ್ಲ, ಆ ಮೊತ್ತವನ್ನು ಕೊಡುವೆನೆಂದು ಕೊಳ್ಳುವವನು ಹೇಳಿದಮಾತ್ರಕ್ಕೆ ಕರಾರು ಪೂರ್ಣವಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೧೯೫೧ರಲ್ಲಿ ತೀರ್ಪಿತ್ತಿತು. ೧೮೭೨ರ ಕರಾರು ಅಧಿನಿಯಮದ ಪ್ರಕಾರ ಸ್ವೀಕಾರದ ಸಂವಹನವು ಪೂರ್ಣಗೊಳ್ಳುವ ಮೊದಲು ಪ್ರಸ್ತಾವವನ್ನು ಹಿಂತೆಗೆದುಕೊಳ್ಳಲೂ ಬರುತ್ತದೆ. ಕಾನೂನು ಹೀಗೆ ಸಡಿಲವಾಗಿರುವುದು ಯೋಗ್ಯವೇ, ಮಾರುಕಟ್ಟೆ ನಡೆಯಬೇಕಷ್ಟೆ. ಆದರೆ ವ್ರತಿಯು ಕೇಳಿಕೊಳ್ಳಬೇಕಾದುದು ನ್ಯಾಯಾಲಯದಲ್ಲಿ ತಾನು ಕಟ್ಟುಬೀಳುವೆನೋ ಇಲ್ಲವೋ ಎಂಬುದನ್ನಲ್ಲ. ‘ಈ ತಿಂಗಳ ೩೦ರವರೆಗೆ ಈ ದರ’ ಎಂದು ಬರೆದುದನ್ನು ಓದಿ ಇನ್ನೊಬ್ಬನು ತನ್ನ ಕೆಲಸಕ್ಕೆ ಕೈಹಾಕಿದ್ದಾನೆಯೇ ಎಂಬುದನ್ನು. ೨೫ರಂದು ತಾಮ್ರದ ಬೆಲೆ ಏರಿತೆಂದು ಹಳೆಯ ಪತ್ರವನ್ನು ತಂತ್ರಾಂಶದಲ್ಲಿ ‘ಅವಧಿ ಮುಗಿದಿದೆ’ ಎಂದು ಗುರುತುಮಾಡುವುದು ಒಂದು ಕ್ಷಣದ ಕೆಲಸ. ಕಾನೂನು ಸುಮ್ಮನಿರಬಹುದು; ಬರೆದ ಮಾತು ಸುಮ್ಮನಿರುವುದಿಲ್ಲ.

ಷರತ್ತುಗಳನ್ನು ಹಾಕುವುದು ತಪ್ಪೆಂದು ಇದರ ಅರ್ಥವಲ್ಲ. ಸ್ಯಾದ್ವಾದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಯಾವುದೇ ಹೇಳಿಕೆಯು ಒಂದು ಅಪೇಕ್ಷೆಯಿಂದ ಸತ್ಯ. ಆ ಅಪೇಕ್ಷೆಯನ್ನು ಮರೆಮಾಚಿದರೆ ಅದೇ ಹೇಳಿಕೆಯು ಏಕಾಂತವಾಗಿ ಅಸತ್ಯದ ಕಡೆಗೆ ಜಾರುತ್ತದೆ. ಇಷ್ಟು ಪ್ರಮಾಣಕ್ಕೆ, ಇಷ್ಟು ದಿನದವರೆಗೆ, ತೆರಿಗೆ ಸೇರಿ ಅಥವಾ ಸೇರದೆ, ಸಾಗಣೆ ಯಾರದೆಂದು ತಿಳಿಸಿ ಹೇಳಿದ ದರವು ಅಪೇಕ್ಷಾಸಹಿತವಾದ ಸತ್ಯವಚನ. ಆ ಅಪೇಕ್ಷೆಗಳನ್ನು ಮೂರನೆಯ ಪುಟದ ಕೆಳಗೆ ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಇಡುವವನು ಸ್ಯಾತ್ಕಾರವನ್ನು ನುಣುಚಿಕೊಳ್ಳುವ ಹಾದಿಯಾಗಿ ಬಳಸಿದಂತಾಗುತ್ತದೆ. ಹಾಗೆಯೇ ೧,೨೫,೦೦೦ ಎಂಬ ಯಾರೂ ಎಂದೂ ಕೊಡದ ಮೂಲದರವನ್ನು ದರಪುಸ್ತಕದಲ್ಲಿ ಬರೆದಿಟ್ಟು, ಅದರಲ್ಲಿ ಶೇಕಡ ೨೦ ಬಿಟ್ಟುಕೊಟ್ಟೆನೆಂದು ಒಂದು ಲಕ್ಷವನ್ನು ಪಡೆಯುವುದು. ಒಂದು ಲಕ್ಷವು ನ್ಯಾಯವಾದ ಬೆಲೆಯೇ ಇರಬಹುದು. ಆದರೆ ಗ್ರಾಹಕನು ಒಪ್ಪಿದ್ದು ಬೆಲೆಯನ್ನು ನೋಡಿ ಅಲ್ಲ, ೨೫,೦೦೦ ಉಳಿಯಿತೆಂಬ ಸಂತೋಷದಿಂದ. ಆ ೨೫,೦೦೦ ಎಲ್ಲಿಯೂ ಇರಲಿಲ್ಲ.

ಇಲ್ಲಿ ಅತಿಯಾದ ನಿಷ್ಠುರತೆಗೂ ಅವಕಾಶ ಕೊಡಬಾರದು. ತನ್ನ ಕೊಳ್ಳುಬೆಲೆಯನ್ನು ಗ್ರಾಹಕನಿಗೆ ತಿಳಿಸದಿರುವುದು ಸುಳ್ಳಲ್ಲ. ಹಳೆಯ ಜವಳಿ ವರ್ತಕರು ಥಾನಿನ ಅಂಚಿನಲ್ಲಿ ಅಸಲು ಬೆಲೆಯನ್ನು ಸಂಕೇತಾಕ್ಷರಗಳಲ್ಲಿ ಬರೆದಿಡುತ್ತಿದ್ದುದುಂಟು. ಅದರಿಂದ ಯಾರಿಗೂ ವಂಚನೆಯಾಗಲಿಲ್ಲ. ನೂರು ಪಂಪು ಕೊಳ್ಳುವವನಿಗೆ ಒಂದು ದರ, ಒಂದು ಕೊಳ್ಳುವವನಿಗೆ ಇನ್ನೊಂದು ದರ ಹೇಳುವುದರಲ್ಲಿಯೂ ದೋಷ ಕಾಣದು. ಕಾರಣವು ಬಹಿರಂಗವಾಗಿಯೇ ಇದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವರ್ತಕರು ಚೌಕಾಸಿಯನ್ನೇ ಬಿಟ್ಟು ಎಲ್ಲರಿಗೂ ಒಂದೇ ದರವೆಂಬ ನಿಯಮವನ್ನು ಹಿಡಿದರು. ಅದು ಶ್ಲಾಘ್ಯವಾದ ಕಟ್ಟುಪಾಡು, ಆದರೆ ಅದೊಂದೇ ಸತ್ಯದ ದಾರಿಯೆನ್ನಲಾಗದು. ದೋಷವು ಆರಂಭವಾಗುವುದು ಬೇರೆ ಕಡೆ. ಈ ಗ್ರಾಹಕನು ಹಿಂದೆ ಎಷ್ಟು ಕೊಟ್ಟಿದ್ದ, ಎಷ್ಟು ಬೇಗ ಒಪ್ಪಿದ್ದ, ರಿಯಾಯಿತಿ ಕೇಳುವ ಅಭ್ಯಾಸವುಂಟೇ ಎಂಬುದನ್ನೆಲ್ಲ ತಂತ್ರಾಂಶವು ನೆನಪಿನಲ್ಲಿಟ್ಟಿರುತ್ತದೆ. ಕೇಳಲು ಬಾರದವನಿಗೆ, ಅವಸರದಲ್ಲಿರುವವನಿಗೆ ಅವನ ಆ ದುರ್ಬಲತೆಯ ಕಾರಣದಿಂದಲೇ ಹೆಚ್ಚು ದರವನ್ನು ಹೇಳಿದರೆ, ಅದನ್ನು ಪ್ರಮಾಣದ ಭೇದವೆಂದು ಸಮರ್ಥಿಸಲಾಗದು. ಒಬ್ಬ ಗ್ರಾಹಕನು ನಂಬಿ ತೋರಿಸಿದ ಪ್ರತಿಸ್ಪರ್ಧಿಯ ದರಪತ್ರವನ್ನು ಕಡತಕ್ಕೆ ಸೇರಿಸಿಕೊಂಡು ಇತರರಿಗೆ ಬಯಲುಮಾಡುವುದೂ ರಹೋಭ್ಯಾಖ್ಯಾನದ ಎಲ್ಲೆಯೊಳಗೆ ಬರುತ್ತದೆ. ಎರಡು ಅಶ್ವಶಕ್ತಿಯ ಪಂಪು ಸಾಕಾಗುವಲ್ಲಿ ಐದರದ್ದನ್ನು ಪತ್ರದಲ್ಲಿ ಸೂಚಿಸುವುದು ಮಿಥ್ಯೋಪದೇಶದ ಸಮೀಪದ್ದು. ಅಚೌರ್ಯದ ಅತಿಚಾರಗಳಿಗೂ ಈ ಪತ್ರದಲ್ಲಿ ಸ್ಥಳವಿದೆ: ‘ಬಿಲ್ಲಿನೊಡನೆ ಇಷ್ಟು, ಬಿಲ್ಲಿಲ್ಲದೆ ಇಷ್ಟು’ ಎಂಬ ಎರಡು ದರಗಳು ವಿರುದ್ಧರಾಜ್ಯಾತಿಕ್ರಮ, ಹೆಸರಾಂತ ಸರಕಿನ ಮುಂದೆ ‘ಅಥವಾ ತತ್ಸಮಾನ’ ಎಂದು ಸೇರಿಸಿ ಕಳಪೆಯನ್ನು ಕೊಡುವುದು ಪ್ರತಿರೂಪಕ ವ್ಯವಹಾರ.

ಕೊಡದಿರುವ ಪತ್ರಗಳ ವಿಷಯಕ್ಕಿಂತ ಕೊಟ್ಟು ಕಾಯುತ್ತಿರುವ ಪತ್ರಗಳದು ಬೇರೊಂದು ಬಾಧೆ. ಇನ್ನೂ ಯಾರೂ ಒಪ್ಪದ ದರಪತ್ರಗಳ ಮೊತ್ತವನ್ನೆಲ್ಲ ಕೂಡಿಸಿ, ಬರಬಹುದಾದ ಹಣವೆಂದು ತಂತ್ರಾಂಶವು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತದೆ. ಅದನ್ನು ನಂಬಿ ಹೊಸ ಗೋದಾಮು ಕಟ್ಟಲು ಹೊರಟವರಿದ್ದಾರೆ. ಪರಿಗ್ರಹದ ದೃಷ್ಟಾಂತವಾಗಿ ಸಮಂತಭದ್ರರು ಸ್ಮರಿಸುವ ಶ್ಮಶ್ರುನವನೀತನು, ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಸಿ ತುಪ್ಪ ಮಾಡಿಟ್ಟುಕೊಂಡು, ಅದನ್ನು ಮಾರಿ ಸಾರ್ಥವಾಹನಾಗಿ ಕೊನೆಗೆ ಚಕ್ರವರ್ತಿಯೇ ಆಗುವ ಕನಸು ಕಾಣುತ್ತ, ಆ ಭರದಲ್ಲಿ ಕಾಲು ಝಾಡಿಸಿ ತುಪ್ಪದ ಗಡಿಗೆಯನ್ನು ಬೆಂಕಿಗೆ ಉರುಳಿಸಿದ. ಅವನಿಗೆ ಆಗ ಪರದೆಯೊಂದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲದರ ನಡುವೆ ನಿಜವಾದ ಇಕ್ಕಟ್ಟು ಯಜಮಾನನದಲ್ಲ. ತಿಂಗಳ ಸಂಬಳಕ್ಕೆ ದುಡಿಯುವ ತರುಣನದು. ಯಜಮಾನನು ವ್ರತ ಹಿಡಿದರೆ ದರಪುಸ್ತಕವನ್ನು ತಿದ್ದಬಲ್ಲ. ತರುಣನು ವ್ರತ ಹಿಡಿದರೆ ಕೆಲಸವನ್ನು ಕಳೆದುಕೊಳ್ಳಬಹುದು. ‘ಮೂರು ಪತ್ರ ಮಾಡಿಕೊಡು’ ಎಂದು ಮೇಲಿನವನು ಹೇಳಿದಾಗ ಅವನಿಗೆ ಶಾಸ್ತ್ರವು ಏನನ್ನು ಹೇಳುತ್ತದೆ? ಆಜ್ಞೆಯಿಂದ ಮಾಡಿದುದೂ ಕೃತವೇ. ಇದನ್ನು ಮೆತ್ತಗೆ ಮಾಡಿ ಹೇಳುವುದು ಅವನಿಗೆ ಮಾಡಿದ ಉಪಕಾರವಾಗದು. ಆದರೆ ಮನಸ್ಸಿಲ್ಲದೆ, ಅಂಜಿಕೆಯಿಂದ, ನೊಂದುಕೊಂಡು ಮಾಡುವವನ ಮಂದಭಾವಕ್ಕೂ, ಲಾಭವನ್ನು ಎಣಿಸುತ್ತ ಆಜ್ಞಾಪಿಸುವವನ ತೀವ್ರಭಾವಕ್ಕೂ ಅಂತರವಿದೆ. ಆ ಅಂತರವು ತರುಣನಿಗೆ ಸಮಾಧಾನವೆನ್ನುವುದಕ್ಕಿಂತ ಯಜಮಾನನಿಗೆ ಎಚ್ಚರಿಕೆಯೆಂದು ತಿಳಿಯುವುದು ಯುಕ್ತ: ಇನ್ನೊಬ್ಬನ ಅನ್ನದ ಮೇಲೆ ಕೈಯಿಟ್ಟು ಸುಳ್ಳು ಬರೆಸುವವನು ಸುಳ್ಳಿನ ಜೊತೆಗೆ ಹಿಂಸೆಯನ್ನೂ ಮಾಡುತ್ತಾನೆ. ತರುಣನಿಗೆ ಉಳಿದಿರುವ ದಾರಿಗಳು ಕೆಲವೇ. ಮೊದಲ ಸಲವೇ ಆಗುವುದಿಲ್ಲವೆನ್ನುವುದು. ಮೂರನೆಯ ಸಲಕ್ಕೆ ಅದು ಹತ್ತರಷ್ಟು ಕಷ್ಟವಾಗುತ್ತದೆ. ಅನುಮೋದನೆಗೆ ಕಳುಹಿಸುವಾಗ ಟಿಪ್ಪಣಿಯ ಜಾಗದಲ್ಲಿ ವಾಸ್ತವವಾದ ದರವನ್ನು ಬರೆದಿಡುವುದು. ಒಪ್ಪುವವನು ಓದದೆ ಒಪ್ಪಿದೆನೆನ್ನಲು ಆಗ ಬರುವುದಿಲ್ಲ. ಇವೆರಡೂ ಸಾಧ್ಯವಿಲ್ಲದ ಕಡೆ ಬೇರೆ ಕೆಲಸವನ್ನು ಹುಡುಕತೊಡಗುವುದು. ಆ ತರುಣನಿಗೆ ಕೆಲಸ ಕೊಡಬಲ್ಲ ಶ್ರಾವಕ ವರ್ತಕರು ಸಮಾಜದಲ್ಲಿ ಇದ್ದಾರೆಂಬುದು ಇಲ್ಲಿ ಅಪ್ರಸ್ತುತವಲ್ಲ.

ತಪ್ಪು ನಡೆದುಹೋದ ಮೇಲೆ ಮಾಡಬೇಕಾದುದೇನೆಂಬುದು ಉಳಿದಿದೆ. ಕಂಪನಿಗಳು ಬಳಸುವ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕು, ಅದನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವು ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ದರಪತ್ರವು ಲೆಕ್ಕದ ಪುಸ್ತಕವಲ್ಲ. ಹಳೆಯ ಆವೃತ್ತಿಯನ್ನು ಅಳಿಸಿ, ಅದೇ ಸಂಖ್ಯೆಯಲ್ಲಿ ಹೊಸದನ್ನು ಹಿಂದಿನ ದಿನಾಂಕದೊಡನೆ ಬರೆಯಲು ಅನೇಕ ಕಡೆ ಅಡ್ಡಿಯಿರುವುದಿಲ್ಲ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನ, ಎಂದರೆ ದೋಷವನ್ನು ಮುಚ್ಚದೆ ನಿವೇದಿಸುವುದು. ಮುನಿಗಳು ಅದನ್ನು ಗುರುವಿನ ಮುಂದೆ ಮಾಡುತ್ತಾರೆ. ಸಾಗಣೆಯ ವೆಚ್ಚವನ್ನು ಎರಡು ಸಲ ಹಾಕಿದ ದರಪತ್ರವನ್ನು ಗ್ರಾಹಕನು ತಿಳಿಯದೆ ಒಪ್ಪಿ ಹಣವನ್ನೂ ಕೊಟ್ಟಿದ್ದರೆ, ವರ್ತಕನು ಅದನ್ನು ನಿವೇದಿಸಬೇಕಾದುದು ಆ ಗ್ರಾಹಕನಿಗೇ. ಹಳೆಯ ಪತ್ರವನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ಎರಡನೆಯ ಆವೃತ್ತಿಯನ್ನು ತೆಗೆದು, ಹಿಂದಿನ ಸಂಖ್ಯೆಯನ್ನೂ ತಪ್ಪಿದ ಸಾಲನ್ನೂ ಅದರಲ್ಲಿ ಕಾಣಿಸಿ, ಹೆಚ್ಚು ಬಂದ ಮೊತ್ತಕ್ಕೆ ಕ್ರೆಡಿಟ್ ನೋಟನ್ನು ಜೊತೆಗಿಟ್ಟು ಕಳುಹಿಸಲು ತಂತ್ರಾಂಶದಲ್ಲಿ ಹತ್ತು ನಿಮಿಷ ಸಾಕು. ಅದಕ್ಕೂ ಒಬ್ಬರ ಅನುಮೋದನೆ ಬೇಕಾಗುತ್ತದೆ.